ಗಾರ್ಫೀಲ್ಡ್ ಹೈಸ್ಕೂಲ್, ಪೂರ್ವ ಲಾಸ್ ಏಂಜಲೀಸ್

ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ, ಲಾಸ್ ಏಂಜಲೀಸ್ ನಗರಕ್ಕೆ ಅಂಟಿಕೊಂಡಿರುವ ಪೂರ್ವ ಲಾಸ್ ಏಂಜಲೀಸ್‌ನ ಸರ್ಕಾರಿ ಹೈಸ್ಕೂಲು. ಪೂರ್ಣ ಹೆಸರು ಜೇಮ್ಸ್ ಎ. ಗಾರ್ಫೀಲ್ಡ್ ಹೈಸ್ಕೂಲ್. ಸ್ಥಾಪನೆ 1925. ಹಂತಕನ ಗುಂಡೇಟಿನಿಂದ 1881ರಲ್ಲಿ ಮಡಿದ ಅಮೆರಿಕದ 20ನೆಯ ಅಧ್ಯಕ್ಷನ ಹೆಸರು ಇದಕ್ಕಿದೆ. ಆಡಳಿತ ಲಾಸ್ ಏಂಜಲೀಸ್ ಏಕೀಕೃತ ಶಾಲಾ ಜಿಲ್ಲೆಗೆ ಸೇರಿದ್ದು. ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ಆ ಜಿಲ್ಲೆ ನ್ಯೂಯಾರ್ಕ್ ನಗರದ ನಂತರ ದೇಶದಲ್ಲೇ ಎರಡನೆಯದು. ಶಾಲೆಯಲ್ಲಿ 9ರಿಂದ 12ರವರೆಗಿನ ತರಗತಿಗಳಿವೆ, ಅಂದರೆ ಕರ್ನಾಟಕದ ಪ್ರೌಢಶಾಲೆಯ ಕೊನೆಯ ಎರಡು ವರ್ಷ ಮತ್ತು ಪದವಿಪೂರ್ವ ಶಿಕ್ಷಣದ ಎರಡು ವರ್ಷ ಒಂದೇ ಸೂರಿನಡಿ ನಡೆಯುತ್ತವೆ.

ಅಮೆರಿಕದ ಶಿಕ್ಷಣ ಚರ್ಚೆಯಲ್ಲಿ ಈ ಶಾಲೆಯ ಹೆಸರು ಎರಡು ವಿರುದ್ಧ ಕಾರಣಗಳಿಗೆ ಬರುತ್ತದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಓದು ಮುಗಿಸದೆ ಹೊರನಡೆಯುತ್ತಿದ್ದ ಶಾಲೆ ಎಂಬುದು ಒಂದು. ದೇಶದ ಹೆಸರಾಂತ ಖಾಸಗಿ ಶಾಲೆಗಳಿಗೆ ಸರಿಸಾಟಿಯಾಗಿ ಕಲನಶಾಸ್ತ್ರದಲ್ಲಿ ಮಕ್ಕಳನ್ನು ಪಾಸು ಮಾಡಿಸಿದ ಶಾಲೆ ಎಂಬುದು ಇನ್ನೊಂದು. ಎರಡೂ ನಿಜ, ಮತ್ತು ಎರಡರ ನಡುವಿನ ಅಂತರ ಇಪ್ಪತ್ತು ವರ್ಷವೂ ಇಲ್ಲ. ದೊಡ್ಡ ನಗರದ ದೊಡ್ಡ ಸರ್ಕಾರಿ ಶಾಲೆ ಏಕೆ ಹಿಂದೆ ಬೀಳುತ್ತದೆ, ಹೇಗೆ ಮೇಲೇಳುತ್ತದೆ, ಎದ್ದದ್ದು ಮತ್ತೆ ಏಕೆ ಕುಸಿಯುತ್ತದೆ ಎಂಬುದನ್ನು ಒಂದೇ ಕಟ್ಟಡದ ಚರಿತ್ರೆಯಲ್ಲಿ ನೋಡಬೇಕಾದರೆ ಗಾರ್ಫೀಲ್ಡ್ ತಕ್ಕ ಉದಾಹರಣೆ.

ನೆಲೆ ಮತ್ತು ಜನ

ಪೂರ್ವ ಲಾಸ್ ಏಂಜಲೀಸ್ ಹೆಸರಿಗೆ ನಗರದ ಭಾಗದಂತೆ ಕೇಳಿಸಿದರೂ ನಗರಸಭೆಯ ವ್ಯಾಪ್ತಿಗೆ ಸೇರಿಲ್ಲ. ತನ್ನದೇ ಮೇಯರ್ ಆಗಲಿ ಪುರಸಭೆಯಾಗಲಿ ಇಲ್ಲದ ಈ ಪ್ರದೇಶವನ್ನು ಲಾಸ್ ಏಂಜಲೀಸ್ ಕೌಂಟಿ ನೇರವಾಗಿ ಆಳುತ್ತದೆ. ಸ್ವಂತ ಪುರಸಭೆ ಬೇಕೆಂದು ಹಲವು ಬಾರಿ ನಡೆದ ಪ್ರಯತ್ನಗಳು ಕೈಗೂಡಲಿಲ್ಲ. ಜನಸಂಖ್ಯೆ ಒಂದು ಲಕ್ಷಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಮೆಕ್ಸಿಕೊ ಮೂಲದವರು. ಮನೆಯ ಮಾತು ಹೆಚ್ಚಾಗಿ ಸ್ಪ್ಯಾನಿಷ್.

1920 ಮತ್ತು 30ರ ದಶಕಗಳಲ್ಲಿ ಈ ಕಡೆಯ ಶಾಲೆಗಳಲ್ಲಿ ಯಹೂದಿ, ಜಪಾನಿ, ರಷ್ಯನ್, ಆರ್ಮೇನಿಯನ್, ಮೆಕ್ಸಿಕನ್ ಮನೆಗಳ ಮಕ್ಕಳು ಬೆರೆತಿದ್ದರು. ಎರಡನೆಯ ಮಹಾಯುದ್ಧದ ನಂತರ ಮೆಕ್ಸಿಕನ್ನರನ್ನು ಬಿಟ್ಟು ಉಳಿದವರು ಹೊಸ ಬಡಾವಣೆಗಳತ್ತ ಸರಿದರು. 1950 ಮತ್ತು 60ರ ದಶಕಗಳಲ್ಲಿ ಒಂದರ ಹಿಂದೊಂದರಂತೆ ಬಂದ ಹೆದ್ದಾರಿಗಳು ಕೇರಿಗಳನ್ನು ಸೀಳಿದವು, ಸಾವಿರಾರು ಮನೆಗಳು ಹೋದವು. 1960ರ ದಶಕದ ಹೊತ್ತಿಗೆ ಗಾರ್ಫೀಲ್ಡ್ ಬಹುತೇಕ ಮೆಕ್ಸಿಕನ್-ಅಮೆರಿಕನ್ ಮಕ್ಕಳ ಶಾಲೆಯಾಗಿತ್ತು. ಪಾಠ ಹೇಳುವವರಲ್ಲಿ ಮಾತ್ರ ಆ ಸಮುದಾಯದವರು ವಿರಳ.

ಶಾಲೆ ಮತ್ತು ನೆರೆಹೊರೆಯ ನಂಟು ಗಟ್ಟಿ. ಹತ್ತಿರದ ಬಾಯ್ಲ್ ಹೈಟ್ಸ್‌ನ ರೂಸ್‌ವೆಲ್ಟ್ ಹೈಸ್ಕೂಲಿನೊಂದಿಗೆ ವರ್ಷಕ್ಕೊಮ್ಮೆ ನಡೆಯುವ ಅಮೆರಿಕನ್ ಫುಟ್‌ಬಾಲ್ ಪಂದ್ಯ 'ಈಸ್ಟ್ ಎಲ್.ಎ. ಕ್ಲಾಸಿಕ್' ಎಂದೇ ಪ್ರಸಿದ್ಧ. ಹೈಸ್ಕೂಲು ಮಕ್ಕಳ ಈ ಆಟಕ್ಕೆ ಇಪ್ಪತ್ತು ಸಾವಿರದಷ್ಟು ಜನ ಸೇರುವುದುಂಟು. ಮೂರು ತಲೆಮಾರು ಇದೇ ಶಾಲೆಯಲ್ಲಿ ಓದಿದ ಮನೆಗಳಿವೆ. ಬಾಕ್ಸರ್ ಆಸ್ಕರ್ ಡೆ ಲಾ ಹೋಯಾ, 'ಲಾಸ್ ಲೋಬೋಸ್' ಸಂಗೀತ ತಂಡದ ಡೇವಿಡ್ ಹಿಡಾಲ್ಗೊ ಮತ್ತು ಲೂಯಿ ಪೆರೆಸ್, ಅಮೆರಿಕದ ಸಂಸತ್ ಸದಸ್ಯರಾಗಿದ್ದ ಎಸ್ತೆಬಾನ್ ಟೊರೆಸ್ ಇಲ್ಲಿನ ಹಳೆಯ ವಿದ್ಯಾರ್ಥಿಗಳು.

1968ರ ತರಗತಿ ಬಹಿಷ್ಕಾರ

1960ರ ದಶಕದ ಕೊನೆಯಲ್ಲಿ ಗಾರ್ಫೀಲ್ಡ್ ಸೇರಿದ ಮಕ್ಕಳಲ್ಲಿ ಶೇಕಡಾ 57ರಷ್ಟು ಮಂದಿ ಓದು ಮುಗಿಸುವ ಮೊದಲೇ ಬಿಡುತ್ತಿದ್ದರು ಎಂಬುದು ಆಗ ಚಳವಳಿಗಾರರು ಮುಂದಿಟ್ಟ, ಮುಂದೆ ಚರಿತ್ರೆಕಾರರೂ ಬಳಸಿದ ಲೆಕ್ಕ. ಉಳಿದವರ ದಾರಿಯನ್ನೂ ಮೊದಲೇ ನಿರ್ಧರಿಸಲಾಗುತ್ತಿತ್ತು. ಹುಡುಗರಿಗೆ ಮರಗೆಲಸ ಮತ್ತು ಮೋಟಾರು ರಿಪೇರಿ, ಹುಡುಗಿಯರಿಗೆ ಹೊಲಿಗೆ, ಗೃಹವಿಜ್ಞಾನ ಮತ್ತು ಬೆರಳಚ್ಚು. ಕಾಲೇಜಿಗೆ ಬೇಕಾದ ವಿಷಯಗಳನ್ನು ಆಯ್ದುಕೊಳ್ಳುತ್ತೇನೆಂದ ಮಗುವಿಗೆ ಸಲಹಾಧಿಕಾರಿಗಳೇ ಬೇಡವೆನ್ನುತ್ತಿದ್ದರು. ಆವರಣದಲ್ಲಿ ಸ್ಪ್ಯಾನಿಷ್ ಮಾತಾಡಿದರೆ ಮರದ ಹಲಗೆಯ ಏಟು ಬೀಳುತ್ತಿತ್ತು. ಊಟದ ವೇಳೆಯಲ್ಲಿ ಶೌಚಾಲಯಗಳಿಗೆ ಬೀಗ ಹಾಕುತ್ತಿದ್ದುದೂ ವಿದ್ಯಾರ್ಥಿಗಳ ದೂರುಗಳಲ್ಲಿ ಒಂದು.

1968ರ ಮಾರ್ಚ್ ಮೊದಲ ವಾರ ಪೂರ್ವ ಭಾಗದ ಹೈಸ್ಕೂಲುಗಳ ಮಕ್ಕಳು ತರಗತಿ ಬಿಟ್ಟು ಬೀದಿಗಿಳಿದರು. ಮೊದಲು ವಿಲ್ಸನ್ ಹೈಸ್ಕೂಲು, ಮಾರ್ಚ್ 5ರಂದು ಗಾರ್ಫೀಲ್ಡ್, ಮರುದಿನ ರೂಸ್‌ವೆಲ್ಟ್ ಮತ್ತು ಲಿಂಕನ್. ಗಾರ್ಫೀಲ್ಡಿನ ಮುಂದೆ ಸುಮಾರು 2000 ಮಕ್ಕಳು ಸೇರಿದರು, ಕೌಂಟಿಯ ಶೆರಿಫ್ ಪೊಲೀಸರು ಸುತ್ತುವರಿದರು. ಚಳವಳಿಗೆ ಬೆನ್ನೆಲುಬಾಗಿ ನಿಂತವರು ಲಿಂಕನ್ ಹೈಸ್ಕೂಲಿನ ಇತಿಹಾಸ ಶಿಕ್ಷಕ ಸಾಲ್ ಕ್ಯಾಸ್ಟ್ರೊ. ಮುಂದೆ ಹೆಸರಾಂತ ಚಿಕಾನೊ (ಮೆಕ್ಸಿಕನ್-ಅಮೆರಿಕನ್) ಕಲಾವಿದರಾದ ಹ್ಯಾರಿ ಗ್ಯಾಂಬೋವಾ ಗಾರ್ಫೀಲ್ಡಿನಲ್ಲಿ ಇದನ್ನು ಸಂಘಟಿಸಿದ ವಿದ್ಯಾರ್ಥಿಗಳಲ್ಲಿ ಒಬ್ಬರು.

ವಿದ್ಯಾರ್ಥಿಗಳ ಬೇಡಿಕೆ ಪಟ್ಟಿಯಲ್ಲಿ ಕ್ರಾಂತಿಯ ಮಾತಿಗಿಂತ ಶಾಲೆಯ ಮಾತೇ ಹೆಚ್ಚು. ದ್ವಿಭಾಷಾ ಬೋಧನೆ ಬೇಕು, ಪಠ್ಯದಲ್ಲಿ ಮೆಕ್ಸಿಕನ್-ಅಮೆರಿಕನ್ನರ ಚರಿತ್ರೆ ಬರಬೇಕು, ತಮ್ಮವರೂ ಶಿಕ್ಷಕರಾಗಬೇಕು, ತರಗತಿಯ ಗಾತ್ರ ಇಳಿಯಬೇಕು, ಏಟು ನಿಲ್ಲಬೇಕು, ಕಾಲೇಜಿನ ದಾರಿ ತೆರೆಯಬೇಕು. ಕ್ಯಾಸ್ಟ್ರೊ ಸೇರಿದಂತೆ 13 ಜನರ ಮೇಲೆ ಒಳಸಂಚಿನ ಮೊಕದ್ದಮೆ ಹೂಡಲಾಯಿತು. ಕ್ಯಾಸ್ಟ್ರೊ ಕೆಲಸ ಕಳೆದುಕೊಂಡರು. ಪೋಷಕರೂ ವಿದ್ಯಾರ್ಥಿಗಳೂ ಶಿಕ್ಷಣ ಮಂಡಳಿಯ ಸಭಾಂಗಣದಲ್ಲೇ ಧರಣಿ ಕೂತ ಮೇಲೆ ಅದೇ ವರ್ಷ ಅವರನ್ನು ಮರಳಿ ಸೇರಿಸಿಕೊಂಡರು. ಮೊಕದ್ದಮೆ 1970ರಲ್ಲಿ ಬಿದ್ದುಹೋಯಿತು. ದೈಹಿಕ ಶಿಕ್ಷೆ, ಶಿಕ್ಷಕರ ನೇಮಕ, ಕಾಲೇಜು ಪ್ರವೇಶಗಳಲ್ಲಿ ಬದಲಾವಣೆ ನಿಧಾನವಾಗಿ ಬಂತು. ಮಕ್ಕಳ ಫಲಿತಾಂಶ ಮಾತ್ರ ಕೂಡಲೇ ಸುಧಾರಿಸಲಿಲ್ಲ.

ಹಣದ ಪ್ರಶ್ನೆ

ಅಮೆರಿಕದಲ್ಲಿ ಸರ್ಕಾರಿ ಶಾಲೆಗಳ ಖರ್ಚು ಬಹಳ ಕಾಲ ಸ್ಥಳೀಯ ಆಸ್ತಿ ತೆರಿಗೆಯಿಂದ ನಡೆಯುತ್ತಿತ್ತು. ಬೆಲೆಬಾಳುವ ಮನೆಗಳಿದ್ದ ಊರಿಗೆ ಕಡಿಮೆ ದರದ ತೆರಿಗೆಯಲ್ಲೇ ಒಳ್ಳೆಯ ಶಾಲೆ ಸಿಗುತ್ತಿತ್ತು, ಬಡವರ ಊರಿಗೆ ಹೆಚ್ಚು ದರ ಕಟ್ಟಿದರೂ ಸಿಗುತ್ತಿರಲಿಲ್ಲ. ಈ ವ್ಯವಸ್ಥೆಯನ್ನು ನ್ಯಾಯಾಲಯಕ್ಕೆ ಎಳೆದವರಲ್ಲಿ ಮೊದಲ ಹೆಸರು ಪೂರ್ವ ಲಾಸ್ ಏಂಜಲೀಸ್‌ನ ಪೋಷಕ ಜಾನ್ ಸೆರಾನೊ ಅವರದು. ಮಗ ಚೆನ್ನಾಗಿ ಓದಬೇಕಾದರೆ ಬೇರೆ ಊರಿಗೆ ಹೋಗಿ ಎಂದು ಶಾಲೆಯಲ್ಲೇ ಅವರಿಗೆ ಸಲಹೆ ಸಿಕ್ಕಿತ್ತು. 1968ರಲ್ಲಿ ಹೂಡಿದ 'ಸೆರಾನೊ ವಿರುದ್ಧ ಪ್ರೀಸ್ಟ್' ಮೊಕದ್ದಮೆಯಲ್ಲಿ 1971ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು: ಮಗುವಿನ ಶಿಕ್ಷಣದ ಗುಣಮಟ್ಟ ನೆರೆಹೊರೆಯ ಆಸ್ತಿಯನ್ನು ಅವಲಂಬಿಸುವುದು ಸಂವಿಧಾನಕ್ಕೆ ವಿರುದ್ಧ. ತೀರ್ಪಿನಲ್ಲಿ ಉಲ್ಲೇಖವಾದ 1968–69ರ ಅಂಕಿಗಳ ಪ್ರಕಾರ ಬಾಲ್ಡ್‌ವಿನ್ ಪಾರ್ಕ್ ಜಿಲ್ಲೆ ಮಗುವೊಂದಕ್ಕೆ 577 ಡಾಲರ್ ಖರ್ಚು ಮಾಡುತ್ತಿದ್ದರೆ, ಸಿನಿಮಾ ತಾರೆಯರ ಬೆವರ್ಲಿ ಹಿಲ್ಸ್ 1232 ಡಾಲರ್ ಖರ್ಚು ಮಾಡುತ್ತಿತ್ತು. ಎರಡು ಊರುಗಳಿರುವುದು ಒಂದೇ ಕೌಂಟಿಯಲ್ಲಿ.

ಗೆಲುವಿನ ಫಲ ಪೂರ್ತಿ ದಕ್ಕಲಿಲ್ಲ. 1978ರಲ್ಲಿ ಕ್ಯಾಲಿಫೋರ್ನಿಯದ ಮತದಾರರು '13ನೆಯ ಪ್ರಸ್ತಾವ'ವನ್ನು ಅಂಗೀಕರಿಸಿ ಆಸ್ತಿ ತೆರಿಗೆಗೆ ಮೇಲ್ಮಿತಿ ಹಾಕಿದರು. ಜಿಲ್ಲೆಗಳ ನಡುವಿನ ಅಂತರ ತಗ್ಗಿದರೂ ಶಾಲೆಗಳಿಗೆ ಸಿಗುವ ಒಟ್ಟು ಹಣವೇ ಕುಗ್ಗಿತು. ಬೇಸಿಗೆ ತರಗತಿಗಳು, ಗ್ರಂಥಪಾಲಕರು, ದಾದಿಯರು, ಸಲಹಾಧಿಕಾರಿಗಳಂಥ ಸೌಕರ್ಯಗಳಿಗೆ ಮೊದಲು ಕತ್ತರಿ ಬಿತ್ತು. ಗಾರ್ಫೀಲ್ಡ್ ತನ್ನ ಅತ್ಯಂತ ಕಷ್ಟದ ದಿನಗಳನ್ನೂ ಅತ್ಯಂತ ಹೆಸರಿನ ದಿನಗಳನ್ನೂ ಈ ಬಿಗಿ ಬಜೆಟ್ಟಿನ ಕಾಲದಲ್ಲೇ ಕಂಡಿತು.

ಎಸ್ಕಲಾಂಟೆ ಮತ್ತು ಕಲನಶಾಸ್ತ್ರ

1970ರ ದಶಕದ ನಡುವೆ ಶಾಲೆಯ ಮಟ್ಟ ಎಷ್ಟು ಇಳಿದಿತ್ತೆಂದರೆ ಮಾನ್ಯತೆಯೇ ರದ್ದಾಗುವ ಅಪಾಯ ಎದುರಾಗಿತ್ತು. ಆ ಹೊತ್ತಿಗೆ, 1974ರಲ್ಲಿ, ಕೆಲಸಕ್ಕೆ ಸೇರಿದವರು ಹೈಮೆ ಎಸ್ಕಲಾಂಟೆ. ಬೊಲಿವಿಯದ ಲಾ ಪಾಸ್‌ನಲ್ಲಿ 1930ರಲ್ಲಿ ಹುಟ್ಟಿ ಅಲ್ಲಿಯೇ ಭೌತಶಾಸ್ತ್ರ, ಗಣಿತ ಕಲಿಸಿ ಹೆಸರು ಮಾಡಿದ್ದರು. 1960ರ ದಶಕದಲ್ಲಿ ಅಮೆರಿಕಕ್ಕೆ ಬಂದಾಗ ಬೊಲಿವಿಯದ ಅವರ ಪದವಿಗೆ ಅಲ್ಲಿ ಮಾನ್ಯತೆ ಇರಲಿಲ್ಲ. ಹೋಟೆಲಿನಲ್ಲಿ ನೆಲ ಒರೆಸಿ, ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ದುಡಿದು, ಸಂಜೆ ಹೊತ್ತು ಓದಿ, ಹೊಸದಾಗಿ ಶಿಕ್ಷಕನ ಅರ್ಹತೆ ಪಡೆದರು. ಗಾರ್ಫೀಲ್ಡಿನಲ್ಲಿ ಅವರಿಗೆ ಮೊದಲು ಸಿಕ್ಕಿದ್ದು ಕೂಡುವುದು ಕಳೆಯುವುದನ್ನು ಹೇಳಿಕೊಡುವ ತರಗತಿ.

ಇಲ್ಲಿ ಒಂದು ಪರೀಕ್ಷೆಯ ವಿಷಯ ಹೇಳಬೇಕು. 'ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್', ಚಿಕ್ಕದಾಗಿ ಎಪಿ, ಎಂಬುದು ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ವಿಷಯ ಓದಿ ಬರೆಯುವ ರಾಷ್ಟ್ರೀಯ ಪರೀಕ್ಷೆ. 1ರಿಂದ 5ರವರೆಗೆ ಅಂಕ, 3 ಬಂದರೆ ಪಾಸು. ಹಲವು ಕಾಲೇಜುಗಳು ಅದನ್ನು ತಮ್ಮ ಮೊದಲ ವರ್ಷದ ಪಾಠಕ್ಕೆ ಸಮವೆಂದು ಒಪ್ಪುತ್ತವೆ. ಆಗ ಇದು ಉಳ್ಳವರ ಶಾಲೆಗಳ ಸೊತ್ತಿನಂತಿತ್ತು. ಎಸ್ಕಲಾಂಟೆ 1970ರ ದಶಕದ ಕೊನೆಯಲ್ಲಿ ಕಲನಶಾಸ್ತ್ರದ ಎಪಿ ತರಗತಿ ತೆರೆದಾಗ ಕೊನೆಯವರೆಗೆ ನಿಂತವರು ಐವರು. 1981ರಲ್ಲಿ 15 ಜನ ಬರೆದು 14 ಜನ ಪಾಸಾದರು. 1982ರಲ್ಲಿ ಬರೆದ 18 ಜನವೂ ಪಾಸು.

ಆ ಫಲಿತಾಂಶವನ್ನು ಪರೀಕ್ಷೆ ನಡೆಸುವ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಅನುಮಾನಿಸಿತು. ಕೆಲವು ಉತ್ತರಪತ್ರಿಕೆಗಳಲ್ಲಿ ತಪ್ಪುಗಳು ಒಂದೇ ರೀತಿಯಾಗಿವೆ ಎಂದು 14 ವಿದ್ಯಾರ್ಥಿಗಳಿಗೆ ಪತ್ರ ಹೋಯಿತು. ಮರುಪರೀಕ್ಷೆ ಬರೆಯಬೇಕು, ಇಲ್ಲವೇ ಅಂಕ ಬಿಡಬೇಕು. 12 ಜನ ಆಗಸ್ಟ್ ಕೊನೆಯಲ್ಲಿ, ಅಲ್ಪ ಅವಧಿಯ ತಯಾರಿಯಲ್ಲಿ ಮತ್ತೆ ಕೂತು ಬರೆದರು, ಹನ್ನೆರಡು ಮಂದಿಯೂ ಪಾಸಾದರು. ಬಡ ವಲಸಿಗರ ಮಕ್ಕಳಾದ್ದರಿಂದಲೇ ಅನುಮಾನ ಬಂತೇ ಎಂಬ ಪ್ರಶ್ನೆ ದೇಶದ ಪತ್ರಿಕೆಗಳಲ್ಲಿ ಎದ್ದಿತು. ಶಾಲೆಯ ಹೆಸರು ಮನೆಮಾತಾಯಿತು.

ಮುಂದಿನ ಐದು ವರ್ಷಗಳದ್ದು ಇನ್ನೂ ದೊಡ್ಡ ಸಾಧನೆ. 1987ರಲ್ಲಿ ಮೊದಲ ಹಂತದ ಕಲನಶಾಸ್ತ್ರದಲ್ಲಿ 73, ಮೇಲಿನ ಹಂತದಲ್ಲಿ 12 ಮಂದಿ ಗಾರ್ಫೀಲ್ಡಿನಿಂದ ಪಾಸಾದರು. ಆ ವರ್ಷ ಇಡೀ ಅಮೆರಿಕದಲ್ಲಿ ಈ ಪರೀಕ್ಷೆ ಗೆದ್ದ ಮೆಕ್ಸಿಕನ್-ಅಮೆರಿಕನ್ ವಿದ್ಯಾರ್ಥಿಗಳಲ್ಲಿ ಸುಮಾರು ಕಾಲು ಭಾಗ ಈ ಒಂದೇ ಶಾಲೆಯವರು. 1988ರಲ್ಲಿ ಪತ್ರಕರ್ತ ಜೇ ಮ್ಯಾಥ್ಯೂಸ್ ಎಸ್ಕಲಾಂಟೆಯವರ ಬಗ್ಗೆ ಪುಸ್ತಕ ಬರೆದರು. ಅದೇ ವರ್ಷ ರಮೋನ್ ಮೆನೆಂದೆಸ್ ನಿರ್ದೇಶನದ 'ಸ್ಟ್ಯಾಂಡ್ ಅಂಡ್ ಡೆಲಿವರ್' ಚಿತ್ರ ತೆರೆಕಂಡಿತು. ಎಸ್ಕಲಾಂಟೆ ಪಾತ್ರ ಮಾಡಿದ ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಆಸ್ಕರ್‌ಗೆ ನಾಮನಿರ್ದೇಶನ ಪಡೆದರು. 1968ರ ಬಹಿಷ್ಕಾರದ ಮೇಲೆ 2006ರಲ್ಲಿ ಬಂದ 'ವಾಕೌಟ್' ಚಿತ್ರವನ್ನು ನಿರ್ದೇಶಿಸಿದವರೂ ಇವರೇ.

ಯಶಸ್ಸಿನ ಒಳಗಿನ ಕೆಲಸ

ಚಿತ್ರ ನೋಡಿದವರಿಗೆ ಒಬ್ಬ ಛಲವಂತ ಶಿಕ್ಷಕ ಒಂದೇ ವರ್ಷದಲ್ಲಿ, ಲೆಕ್ಕವೇ ಬಾರದ ಮಕ್ಕಳಿಂದ ಕಲನಶಾಸ್ತ್ರ ಗೆಲ್ಲಿಸಿದಂತೆ ತೋರುತ್ತದೆ. ನಡೆದದ್ದು ಬೇರೆ. 1982ರ ಮಕ್ಕಳು ಬೀಜಗಣಿತ, ರೇಖಾಗಣಿತ, ತ್ರಿಕೋನಮಿತಿಗಳನ್ನು ವರ್ಷವರ್ಷವೂ ಮೆಟ್ಟಿಲು ಹತ್ತಿದಂತೆ ಓದಿ ಬಂದಿದ್ದರು. ಎಸ್ಕಲಾಂಟೆ ಸೇರಿದ ವರ್ಷದಿಂದ ಆ ಫಲಿತಾಂಶದವರೆಗೆ ಎಂಟು ವರ್ಷ ಹಿಡಿಯಿತು.

ಈ ಮೆಟ್ಟಿಲುಗಳನ್ನು ಅವರೊಬ್ಬರೇ ಕಟ್ಟಲಿಲ್ಲ. ಕೆಳಗಿನ ತರಗತಿಗಳ ಗಣಿತ ಶಿಕ್ಷಕರು ಒಂದೇ ಗುರಿಗೆ ಪಾಠ ಹೊಂದಿಸಿಕೊಂಡರು. ಬೆನ್ ಹಿಮೆನೆಸ್ ಮತ್ತು ಆಂಜೆಲೊ ವಿಲ್ಲಾವಿಸೆನ್ಸಿಯೊ ಕಲನಶಾಸ್ತ್ರದಲ್ಲಿ ಹೆಗಲು ಕೊಟ್ಟರು. 1981ರಲ್ಲಿ ಪ್ರಾಂಶುಪಾಲರಾಗಿ ಬಂದ ಹೆನ್ರಿ ಗ್ರಾಡಿಲ್ಲಾಸ್ ಇದಕ್ಕೆಲ್ಲ ಆಡಳಿತದ ಬಲ ಒದಗಿಸಿದರು. ಕೂಡು-ಕಳೆಯುವಿಕೆಯ ತರಗತಿಗಳನ್ನು ಕಡಿತ ಮಾಡಿದರು. ಅಲ್ಲೇ ಉಳಿದ ಮಕ್ಕಳೂ ಜೊತೆಗೆ ಬೀಜಗಣಿತ ಓದಬೇಕೆಂದರು. ಅಂಕ ಇಳಿದವರಿಗೆ ಆಟ ಮತ್ತು ಇತರ ಚಟುವಟಿಕೆಗಳಲ್ಲಿ ಭಾಗವಹಿಸಲು ಬಿಡಲಿಲ್ಲ. ಮುಂಜಾನೆ ಬೇಗ ಬಂದು, ಸಂಜೆ ತಡವಾಗಿ ಹೋಗುವ ಶಿಕ್ಷಕನಿಗೆ ಕಟ್ಟಡದ ಬಾಗಿಲು ತೆರೆದಿಡುವಂಥ ಸಣ್ಣ ವಿಷಯದಲ್ಲೂ ಹಿಂದಿನ ಆಡಳಿತ ಒಡ್ಡಿದ್ದ ಅಡ್ಡಿ ನಿಂತಿತು. 1983ರಿಂದ ಪೂರ್ವ ಲಾಸ್ ಏಂಜಲೀಸ್ ಕಾಲೇಜಿನಲ್ಲಿ ಬೇಸಿಗೆ ತರಗತಿಗಳು ಶುರುವಾದವು. ವರ್ಷದಲ್ಲಿ ಕಲಿಯುವ ಬೀಜಗಣಿತವನ್ನು ಕೆಲವೇ ವಾರಗಳಲ್ಲಿ ಮುಗಿಸಿದ ಮಗು ಸೆಪ್ಟೆಂಬರಿನಲ್ಲಿ ಮುಂದಿನ ಮೆಟ್ಟಿಲಿಗೆ ಕಾಲಿಡುತ್ತಿತ್ತು. ಖಾಸಗಿ ದತ್ತಿಗಳ ಹಣ ಇದಕ್ಕೆ ನೆರವಾಯಿತು.

ಮನೆಗಳನ್ನೂ ಬಿಡಲಿಲ್ಲ. ಮಗು ಬರದಿದ್ದರೆ ಎಸ್ಕಲಾಂಟೆ ಮನೆಗೆ ಫೋನು ಮಾಡುತ್ತಿದ್ದರು, ಕೆಲವೊಮ್ಮೆ ಬಾಗಿಲಿಗೇ ಹೋಗುತ್ತಿದ್ದರು. ಹಾಜರಿ ಮತ್ತು ಮನೆಗೆಲಸಗಳಿಗೆ ವಿದ್ಯಾರ್ಥಿಯಿಂದಲೂ ಪೋಷಕರಿಂದಲೂ ಬರಹದಲ್ಲಿ ಒಪ್ಪಿಗೆ ಪಡೆಯುತ್ತಿದ್ದರು.

ಇಳಿತ

1987ರಲ್ಲಿ ಗ್ರಾಡಿಲ್ಲಾಸ್ ಉನ್ನತ ವ್ಯಾಸಂಗಕ್ಕೆ ರಜೆ ಹೋದರು. ಹೊಸ ಆಡಳಿತಕ್ಕೆ ಈ ಕಾರ್ಯಕ್ರಮ ಹಲವು ಕೆಲಸಗಳಲ್ಲಿ ಒಂದಾಯಿತು. ತರಗತಿಯಲ್ಲಿ 50ಕ್ಕೂ ಹೆಚ್ಚು ಮಕ್ಕಳನ್ನು ಕೂರಿಸುತ್ತಾರೆ, ಒಪ್ಪಂದದ ಮಿತಿ 35 ಎಂದು ಶಿಕ್ಷಕರ ಸಂಘ ಆಕ್ಷೇಪಿಸಿತು. ಪ್ರಸಿದ್ಧಿ ಬೆಳೆದಂತೆ ಸಹೋದ್ಯೋಗಿಗಳ ಅಸಮಾಧಾನವೂ ಬೆಳೆಯಿತು. 1990ರಲ್ಲಿ ಎಸ್ಕಲಾಂಟೆ ಗಣಿತ ವಿಭಾಗದ ಮುಖ್ಯಸ್ಥನ ಸ್ಥಾನ ಕಳೆದುಕೊಂಡರು, 1991ರಲ್ಲಿ ಸ್ಯಾಕ್ರಮೆಂಟೊ ನಗರದ ಇನ್ನೊಂದು ಶಾಲೆಗೆ ಹೊರಟರು. ಹಿಮೆನೆಸ್ ಕೂಡ ಆ ಹೊತ್ತಿಗೇ ಹೊರಟರು, ಕೆಲವು ವರ್ಷಗಳಲ್ಲಿ ವಿಲ್ಲಾವಿಸೆನ್ಸಿಯೊ ಸಹ.

1996ರಲ್ಲಿ ಕಲನಶಾಸ್ತ್ರದ ಮೊದಲ ಹಂತದಲ್ಲಿ ಪಾಸಾದವರು ಏಳು, ಮೇಲಿನ ಹಂತದಲ್ಲಿ ನಾಲ್ಕು. 85ರಿಂದ 11ಕ್ಕೆ ಬರಲು ಹಿಡಿದದ್ದು ಒಂಬತ್ತು ವರ್ಷ. ಮಕ್ಕಳು ಅದೇ ನೆರೆಹೊರೆಯವರು, ಅದೇ ಬಗೆಯ ಮನೆಗಳವರು. ಬಡತನ, ಮನೆಯ ಭಾಷೆ, ತಂದೆತಾಯಿಯ ಓದು ಇವೇ ಫಲಿತಾಂಶವನ್ನು ಪೂರ್ತಿ ತೀರ್ಮಾನಿಸುತ್ತವೆ ಎನ್ನುವ ವಾದಕ್ಕೆ ಈ ಅಂಕಿಗಳು ಹೊಂದುವುದಿಲ್ಲ. ಒಳ್ಳೆಯ ಶಿಕ್ಷಕನೊಬ್ಬ ಸಿಕ್ಕರೆ ಸಾಕು ಎನ್ನುವ ವಾದಕ್ಕೂ ಹೊಂದುವುದಿಲ್ಲ, ಏಕೆಂದರೆ ಎಸ್ಕಲಾಂಟೆ ಹೋದ ಕಡೆ ಗಾರ್ಫೀಲ್ಡಿನ ಪ್ರಮಾಣದ ಫಲಿತಾಂಶ ಅವರಿಗೂ ಮತ್ತೆ ಸಿಗಲಿಲ್ಲ. ಅವರು 2010ರ ಮಾರ್ಚ್ 30ರಂದು ತೀರಿಕೊಂಡರು. 2016ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರತಂದಿತು.

ದಟ್ಟಣೆಯ ವರ್ಷಗಳು

ಇದೇ ಅವಧಿಯಲ್ಲಿ ಶಾಲೆ ಕಿಕ್ಕಿರಿಯತೊಡಗಿತು. ಲಾಸ್ ಏಂಜಲೀಸ್ ಜಿಲ್ಲೆ ದಶಕಗಳ ಕಾಲ ಹೊಸ ಹೈಸ್ಕೂಲುಗಳನ್ನು ಕಟ್ಟುವುದನ್ನೇ ಬಹುತೇಕ ನಿಲ್ಲಿಸಿತ್ತು. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ವಲಸೆ ಮಾತ್ರ ನಿಲ್ಲಲಿಲ್ಲ. ಗಾರ್ಫೀಲ್ಡಿನ ವಿದ್ಯಾರ್ಥಿಗಳ ಸಂಖ್ಯೆ 4000 ದಾಟಿ, 2000ದ ದಶಕದಲ್ಲಿ 5000ದ ಹತ್ತಿರಕ್ಕೆ ಬಂತು. ಆಟದ ಬಯಲಿನಲ್ಲಿ ತಾತ್ಕಾಲಿಕ ಕೊಠಡಿಗಳು ಎದ್ದವು.

ಅಷ್ಟು ಮಕ್ಕಳನ್ನು ಒಟ್ಟಿಗೆ ಹಿಡಿಸಲಾಗದೆ ಜಿಲ್ಲೆ ವರ್ಷಪೂರ್ತಿ ಕ್ಯಾಲೆಂಡರಿನ ಮೊರೆಹೋಯಿತು. ಮಕ್ಕಳನ್ನು ಮೂರು ಪಾಳಿಗಳಾಗಿ ಹಂಚುವುದು, ಯಾವುದೇ ಹೊತ್ತಿನಲ್ಲಿ ಎರಡು ಪಾಳಿ ಶಾಲೆಯಲ್ಲಿ, ಒಂದು ಪಾಳಿ ರಜೆಯಲ್ಲಿ. ಲಾಸ್ ಏಂಜಲೀಸ್‌ನ ದೊಡ್ಡ ಶಾಲೆಗಳಲ್ಲಿ ಚಾಲ್ತಿಯಲ್ಲಿದ್ದ 'ಕಾನ್ಸೆಪ್ಟ್ 6' ಎಂಬ ಇಂಥ ಕ್ಯಾಲೆಂಡರಿನಲ್ಲಿ ವರ್ಷದ ಪಾಠದ ದಿನಗಳು 180ರಿಂದ 163ಕ್ಕೆ ಇಳಿಯುತ್ತಿದ್ದವು. ದಿನದ ಅವಧಿಯನ್ನು ಉದ್ದ ಮಾಡಿ ಲೆಕ್ಕ ಸರಿಮಾಡುತ್ತಿದ್ದರು, ಮಕ್ಕಳ ಮನೆಗೆಲಸದ ದಿನಗಳು ಮಾತ್ರ ಹೋದವು. ಪಾಳಿಗಳಲ್ಲೂ ಮೇಲುಕೀಳಾಯಿತು. ಕಷ್ಟದ ವಿಷಯಗಳು ಒಂದೇ ಪಾಳಿಯಲ್ಲಿ ಸಿಗುತ್ತಿದ್ದವು, ಇಂಗ್ಲಿಷ್ ಕಲಿಯುವ ಹೊಸಬರು ಬೇರೊಂದರಲ್ಲಿ ಸೇರಿಕೊಳ್ಳುತ್ತಿದ್ದರು. ಮೇ ತಿಂಗಳ ಎಪಿ ಪರೀಕ್ಷೆ ಕೆಲವರಿಗೆ ರಜೆಯ ನಡುವೆ ಬರುತ್ತಿತ್ತು. ಎಸ್ಕಲಾಂಟೆ ಕಾಲದ ಬೇಸಿಗೆ ತರಗತಿಗಳಂಥ ವ್ಯವಸ್ಥೆಗೆ ಇಂಥ ಕ್ಯಾಲೆಂಡರಿನಲ್ಲಿ ಜಾಗವೇ ಇರಲಿಲ್ಲ.

2000ದಲ್ಲಿ ಹೂಡಿದ 'ವಿಲಿಯಮ್ಸ್ ವಿರುದ್ಧ ಕ್ಯಾಲಿಫೋರ್ನಿಯ' ಮೊಕದ್ದಮೆ ಪಠ್ಯಪುಸ್ತಕ, ಅರ್ಹ ಶಿಕ್ಷಕ, ಸುರಕ್ಷಿತ ಕಟ್ಟಡ ಇವೆಲ್ಲ ಪ್ರತಿ ಮಗುವಿಗೂ ಸಿಗಬೇಕೆಂದು ಕೇಳಿತು. 2004ರ ರಾಜಿಯಲ್ಲಿ 2012ರೊಳಗೆ ಕಾನ್ಸೆಪ್ಟ್ 6 ಮುಗಿಯಬೇಕೆಂದು ತೀರ್ಮಾನವಾಯಿತು. 1997ರಿಂದ ಜನ ಮತ ಹಾಕಿ ಒಪ್ಪಿದ ಸಾಲಪತ್ರಗಳ ಬಲದಿಂದ ಜಿಲ್ಲೆ ಸುಮಾರು 20 ಬಿಲಿಯನ್ ಡಾಲರ್ ವೆಚ್ಚದ ಕಟ್ಟಡ ಯೋಜನೆ ಕೈಗೊಂಡು 130ಕ್ಕೂ ಹೆಚ್ಚು ಹೊಸ ಶಾಲೆಗಳನ್ನು ಕಟ್ಟಿತು. ಅದರ ಭಾಗವಾಗಿ 2010ರಲ್ಲಿ ಎಸ್ತೆಬಾನ್ ಟೊರೆಸ್ ಹೈಸ್ಕೂಲು ತೆರೆಯಿತು. ಗಾರ್ಫೀಲ್ಡ್ ಬಂದು 85 ವರ್ಷಗಳ ನಂತರ ಪೂರ್ವ ಲಾಸ್ ಏಂಜಲೀಸ್‌ಗೆ ಸಿಕ್ಕ ಹೊಸ ಹೈಸ್ಕೂಲು ಇದು. ಗಾರ್ಫೀಲ್ಡಿನ ಸಂಖ್ಯೆ ಅರ್ಧದತ್ತ ಇಳಿಯಿತು, ಎಲ್ಲ ಮಕ್ಕಳೂ ಒಂದೇ ಕ್ಯಾಲೆಂಡರಿಗೆ ಮರಳಿದರು. ನಡುವೆ 2007ರ ಮೇನಲ್ಲಿ ಕಿಡಿಗೇಡಿತನದ ಬೆಂಕಿಗೆ ಶಾಲೆಯ ಹಳೆಯ ಸಭಾಭವನ ಸುಟ್ಟುಹೋಗಿತ್ತು. ಹಳೆಯ ವಿದ್ಯಾರ್ಥಿಗಳು ನೆರವಿಗೆ ನಿಂತರು, 2014ರಲ್ಲಿ ಹೊಸ ಭವನ ಸಿದ್ಧವಾಯಿತು.

ಅಳತೆಗೋಲುಗಳು ಮತ್ತು ಸುಧಾರಣೆಗಳು

1999ರಲ್ಲಿ ಕ್ಯಾಲಿಫೋರ್ನಿಯ ಪ್ರತಿ ಶಾಲೆಗೂ 200ರಿಂದ 1000ದೊಳಗೆ ಸೂಚ್ಯಂಕ ಕೊಡಲು ಶುರುಮಾಡಿತು. ಗುರಿ 800. 2002ರಲ್ಲಿ ಜಾರಿಗೆ ಬಂದ 'ಯಾವ ಮಗುವೂ ಹಿಂದುಳಿಯದಿರಲಿ' ಎಂಬ ಕೇಂದ್ರ ಕಾಯಿದೆ ಪರೀಕ್ಷೆಯಲ್ಲಿ ಸತತವಾಗಿ ಹಿಂದೆ ಬಿದ್ದ ಶಾಲೆಗಳಿಗೆ ನಿರ್ಬಂಧ ವಿಧಿಸಿತು. 2006ರಿಂದ ಹೈಸ್ಕೂಲು ಮುಗಿಸಲು ರಾಜ್ಯದ ನಿರ್ಗಮನ ಪರೀಕ್ಷೆ ಕಡ್ಡಾಯವಾಯಿತು, 2015ರಲ್ಲಿ ಅದನ್ನೇ ಕೈಬಿಟ್ಟರು. ಅದೇ ವರ್ಷ ಹೊಸ ಬಗೆಯ ರಾಜ್ಯ ಪರೀಕ್ಷೆ ಬಂತು. ಅಳತೆಗೋಲು ಪದೇ ಪದೇ ಬದಲಾದ್ದರಿಂದ ಗಾರ್ಫೀಲ್ಡಿನ ಎರಡು ದಶಕಗಳ ಫಲಿತಾಂಶವನ್ನು ಒಂದೇ ಗೆರೆಯಲ್ಲಿ ಓದುವುದು ಕಷ್ಟ. ಈ ಬಗೆಯ ಪರೀಕ್ಷೆಗಳಲ್ಲೆಲ್ಲ ಶಾಲೆ ರಾಜ್ಯದ ಗುರಿಗಿಂತ ಕೆಳಗೇ ಇತ್ತು ಎಂಬುದು ಮಾತ್ರ ನಿಶ್ಚಿತ.

ದೊಡ್ಡ ಶಾಲೆಯೇ ರೋಗವೆಂಬ ನಂಬಿಕೆ 2000ದ ದಶಕದಲ್ಲಿ ಬಲವಾಗಿತ್ತು. 1959ರಲ್ಲಿ ಶಿಕ್ಷಣ ಚಿಂತಕ ಜೇಮ್ಸ್ ಕೊನಾಂಟ್ ಅವರ ವರದಿ ಇದಕ್ಕೆ ವಿರುದ್ಧವಾಗಿ, ಹೈಸ್ಕೂಲು ಚಿಕ್ಕದಾದರೆ ವಿಷಯಗಳ ಆಯ್ಕೆ ಇಲ್ಲವಾಗುತ್ತದೆಂದು ವಾದಿಸಿತ್ತು. ಈಗ ಗೇಟ್ಸ್ ಫೌಂಡೇಷನ್ ದೇಶದಾದ್ಯಂತ ಚಿಕ್ಕ ಶಾಲೆಗಳಿಗೆ ಹಣ ಸುರಿಯಿತು. ಲಾಸ್ ಏಂಜಲೀಸ್‌ನ ದೊಡ್ಡ ಶಾಲೆಗಳನ್ನು 'ಕಿರು ಕಲಿಕಾ ಸಮುದಾಯ'ಗಳಾಗಿ ಒಡೆಯಲಾಯಿತು. ಕೆಲವೇ ವರ್ಷಗಳಲ್ಲಿ ಆ ದತ್ತಿ ಸಂಸ್ಥೆಯೇ ಗಾತ್ರ ಕುಗ್ಗಿಸಿದ್ದರಿಂದ ನಿರೀಕ್ಷಿಸಿದಷ್ಟು ಫಲ ಬರಲಿಲ್ಲವೆಂದು ಒಪ್ಪಿ ಹಿಂದೆ ಸರಿಯಿತು.

2009ರಲ್ಲಿ ಜಿಲ್ಲೆಯ ಶಿಕ್ಷಣ ಮಂಡಳಿ ಹಿಂದುಳಿದ ಶಾಲೆಗಳನ್ನೂ ಹೊಸ ಶಾಲೆಗಳನ್ನೂ ನಡೆಸಲು ಯಾರು ಬೇಕಾದರೂ ಯೋಜನೆ ಮುಂದಿಡಬಹುದು ಎಂದಿತು. ಮೊದಲ ಸುತ್ತಿನ ಹಳೆಯ ಶಾಲೆಗಳ ಪಟ್ಟಿಯಲ್ಲಿ ಗಾರ್ಫೀಲ್ಡ್ ಇತ್ತು. ಶಾಲೆ ಹೊರಗಿನವರ ಕೈಗೆ ಹೋಗಲಿಲ್ಲ, ಅಲ್ಲಿಯ ಶಿಕ್ಷಕರೇ ಬರೆದ ಯೋಜನೆಗೆ 2010ರಲ್ಲಿ ಒಪ್ಪಿಗೆ ಸಿಕ್ಕಿತು. ಮುಂದಿನ ವರ್ಷಗಳಲ್ಲಿ ಎದ್ದು ಕಂಡ ಬದಲಾವಣೆ ಶಿಸ್ತಿನದು. ವರ್ಷಕ್ಕೆ ನೂರಾರು ಮಕ್ಕಳನ್ನು ಶಾಲೆಯಿಂದ ಅಮಾನತು ಮಾಡುತ್ತಿದ್ದ ಪದ್ಧತಿ ಬಿಟ್ಟು ಮಾತುಕತೆ, ಸಲಹೆ, ಪೋಷಕರ ಭೇಟಿಯ ದಾರಿ ಹಿಡಿದಾಗ ಅಮಾನತುಗಳು ಬೆರಳೆಣಿಕೆಗೆ ಇಳಿದವು. 2013ರಲ್ಲಿ ಇಡೀ ಜಿಲ್ಲೆ 'ಉದ್ಧಟತನ'ದ ಕಾರಣಕ್ಕೆ ಅಮಾನತು ಮಾಡುವುದನ್ನು ನಿಲ್ಲಿಸಿತು. ಅದೇ ವರ್ಷ ರಾಜ್ಯ ಸರ್ಕಾರ ಬಡ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಹೆಚ್ಚಿರುವ ಕಡೆ ಹೆಚ್ಚು ಹಣ ಹರಿಸುವ ಹೊಸ ಸೂತ್ರ ತಂದಿತು.

2010ರ ದಶಕದಲ್ಲಿ ಓದು ಮುಗಿಸುವವರ ಪ್ರಮಾಣ ಗಾರ್ಫೀಲ್ಡಿನಲ್ಲೂ ಜಿಲ್ಲೆಯಲ್ಲೂ ಏರಿತು. ಈ ಏರಿಕೆಯನ್ನು ಎಚ್ಚರದಿಂದ ಓದಬೇಕು. ರಾಜ್ಯದ ವಿಶ್ವವಿದ್ಯಾಲಯಗಳು ಕೇಳುವ ವಿಷಯಗಳನ್ನೆಲ್ಲ 2016ರಿಂದ ಪ್ರತಿ ಮಗುವೂ ಓದಿರಬೇಕೆಂದು ಜಿಲ್ಲೆ ಬಹಳ ಮೊದಲೇ ನಿಯಮ ಮಾಡಿತ್ತು. ಸಾವಿರಾರು ಮಕ್ಕಳು ನಪಾಸಾಗುವುದು ಖಚಿತವಾದಾಗ, 2015ರಲ್ಲಿ, 'ಸಿ' ಶ್ರೇಣಿಯ ಬದಲು 'ಡಿ' ಸಾಕೆಂದಿತು. ವಿಶ್ವವಿದ್ಯಾಲಯಗಳು ಮಾತ್ರ 'ಸಿ'ಯನ್ನೇ ಕೇಳುತ್ತವೆ. ನಪಾಸಾದ ವಿಷಯವನ್ನು ಕಂಪ್ಯೂಟರಿನ ಮುಂದೆ ಕೂತು ತ್ವರಿತವಾಗಿ ಮುಗಿಸುವ ವ್ಯವಸ್ಥೆಯೂ ಬಂತು. ಹೀಗಾಗಿ ಪ್ರಮಾಣಪತ್ರ ಪಡೆದವರೆಲ್ಲ ಕಾಲೇಜಿಗೆ ಸಿದ್ಧರು ಎನ್ನುವಂತಿಲ್ಲ.

ಈಚಿನ ಸ್ಥಿತಿ

2019ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಶಿಕ್ಷಕರು ತರಗತಿಯ ಗಾತ್ರ, ದಾದಿಯರು, ಸಲಹಾಧಿಕಾರಿಗಳ ಕೊರತೆಯನ್ನು ಮುಂದಿಟ್ಟು ಆರು ಶಾಲಾ ದಿನಗಳ ಮುಷ್ಕರ ನಡೆಸಿದರು. ಅರ್ಧ ಶತಮಾನದ ಹಿಂದೆ ಮಕ್ಕಳು ಮುಂದಿಟ್ಟ ಬೇಡಿಕೆಗಳಲ್ಲಿ ಕೆಲವು ಈಗ ಶಿಕ್ಷಕರ ಬೇಡಿಕೆಗಳಾಗಿದ್ದವು. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಮುಚ್ಚಿದ ಶಾಲೆಗಳು 2021ರ ಏಪ್ರಿಲಿನವರೆಗೂ ತೆರೆಯಲಿಲ್ಲ. ಒತ್ತೊತ್ತಾದ ಮನೆಗಳ, ದಿನಗೂಲಿಯ ಪೂರ್ವ ಲಾಸ್ ಏಂಜಲೀಸ್‌ಗೆ ಸೋಂಕಿನ ಹೊಡೆತವೂ ಓದಿನ ನಷ್ಟವೂ ಜೋರಾಗಿದ್ದವು. ದುಬಾರಿ ಬಾಡಿಗೆಗೆ ಹೆದರಿ ಕುಟುಂಬಗಳು ಹೊರಹೋಗುತ್ತಿರುವುದರಿಂದ, ಸರ್ಕಾರದ ಹಣದಲ್ಲಿ ಸ್ವತಂತ್ರ ಆಡಳಿತದಡಿ ನಡೆಯುವ ಚಾರ್ಟರ್ ಶಾಲೆಗಳು ಮಕ್ಕಳನ್ನು ಸೆಳೆಯುತ್ತಿರುವುದರಿಂದ, ಜನನ ಪ್ರಮಾಣ ಇಳಿದಿರುವುದರಿಂದ ಈಗಿನ ಚಿಂತೆ ದಟ್ಟಣೆಯದಲ್ಲ, ಖಾಲಿಯಾಗುತ್ತಿರುವ ತರಗತಿಗಳದು. ಗಾರ್ಫೀಲ್ಡಿನಲ್ಲಿ ಈಗ ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದಾರೆ, ಅವರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಲ್ಯಾಟಿನೊ ಮೂಲದವರು.

ಮೌಲ್ಯಮಾಪನ

ಗಾರ್ಫೀಲ್ಡಿನ ಚರಿತ್ರೆಯನ್ನು ಒಬ್ಬ ವೀರ ಶಿಕ್ಷಕನ ಕಥೆಯಾಗಿ ಹೇಳುವುದು ರೂಢಿ. ದಾಖಲೆಗಳು ಅದನ್ನು ಪೂರ್ತಿ ಸಮರ್ಥಿಸುವುದಿಲ್ಲ. 1980ರ ದಶಕದ ಫಲಿತಾಂಶದ ಹಿಂದೆ ನಾಲ್ಕು ಸಂಗತಿಗಳು ಕೂಡಿಬಂದಿದ್ದವು: ಮಕ್ಕಳಿಂದ ಹೆಚ್ಚಿನದನ್ನು ಕೇಳಿದ ಶಿಕ್ಷಕರ ತಂಡ, ಅವರನ್ನು ಕಾಯ್ದ ಪ್ರಾಂಶುಪಾಲ, ಕೆಳಗಿನ ತರಗತಿಯಿಂದ ಮೇಲಿನವರೆಗೆ ಜೋಡಿಸಿದ ಪಾಠಕ್ರಮ, ಬೇಸಿಗೆಯಲ್ಲಿ ಸಿಕ್ಕ ಹೆಚ್ಚುವರಿ ಸಮಯ. ಇವು ಒಂದೊಂದಾಗಿ ಕಳಚಿದಂತೆ ಫಲಿತಾಂಶವೂ ಕಳಚಿತು. ನಂತರದ ಇಪ್ಪತ್ತು ವರ್ಷಗಳಲ್ಲಿ ಶಾಲೆಯ ಮೇಲೆ ಹೇರಿದ ಸುಧಾರಣೆಗಳು ಹೆಚ್ಚಾಗಿ ಸೂಚ್ಯಂಕ, ಗಾತ್ರ, ಆಡಳಿತ ಯಾರದು ಎಂಬುದರ ಸುತ್ತ ತಿರುಗಿದವು, ತರಗತಿಯೊಳಗಿನ ಆ ಜೋಡಣೆಯನ್ನು ಮತ್ತೆ ಕಟ್ಟುವುದರ ಸುತ್ತ ಅಲ್ಲ. ಸರ್ಕಾರಿ ಶಾಲೆಯ ಬಡ ಮಕ್ಕಳಿಗೆ ಕಠಿಣ ವಿದ್ಯೆ ಎಟುಕುತ್ತದೆಂದು ಗಾರ್ಫೀಲ್ಡ್ ಸಾಬೀತು ಮಾಡಿತು. ಎಟುಕಿಸುವ ವ್ಯವಸ್ಥೆಯನ್ನು ವ್ಯಕ್ತಿಗಳು ಹೋದ ಮೇಲೂ ಉಳಿಸಿಕೊಳ್ಳುವ ಹೊಣೆಯನ್ನು ಅದರ ಆಡಳಿತ ನಿರ್ವಹಿಸಲಿಲ್ಲ.